ಪಾಚೀಪಾಲನ ಮೀಮಾಂಸೆ

ಯಾವ ಶಾಸ್ತ್ರಕ್ಕೇ ಆಗಲಿ, ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಗಾಜಿನ ತೊಟ್ಟಿಯಲ್ಲಿ ಕಡಲಪಾಚಿ. ಅಧಿಕಾರಿ: ಜನ್ಮದಲ್ಲಿ ಬಚ್ಚಲು ತಿಕ್ಕದವನು. ಸಂಬಂಧ: ಮನೆಮಂದಿಯೊಡನೆ ಇತ್ತು, ಈಚೆಗೆ ಹಳಸಿದೆ. ಪ್ರಯೋಜನ: ಈ ಕುರಿತು ಭಾಷ್ಯಕಾರರು ಮೌನ.

ಇಲ್ಲಿ ಪೂರ್ವಪಕ್ಷ. ಉಡುಪಿ ಕಡೆಯಿಂದ ಬಂದ ದೊಡ್ಡಮ್ಮ ತೊಟ್ಟಿಯೆದುರು ನಿಂತು ಆಕ್ಷೇಪಿಸುತ್ತಾರೆ: “ಮೀನು ಎಲ್ಲುಂಟು ಮಾರಾಯ? ಪಾಚಿ ನಮ್ಮ ಬಾವಿಕಟ್ಟೆಯಲ್ಲಿ ಬೇಕಾದಷ್ಟುಂಟು. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತಿಕ್ಕಿ ಸಾಕಾಯ್ತು.” ಇದಕ್ಕೆ ಸಿದ್ಧಾಂತ: ತಾನಾಗಿ ಬಂದದ್ದು ಪಾಚಿ, ದುಡ್ಡು ಕೊಟ್ಟು ತಂದದ್ದು ಸಂಗ್ರಹ. ಇಡೀ ಶಾಸ್ತ್ರ ನಿಂತಿರುವುದು ಈ ಒಂದೇ ಸೂತ್ರದ ಮೇಲೆ.

ಇನ್ನು ಜಲಾಧಿಕರಣ. ನಲ್ಲಿ ನೀರು ನಿಷಿದ್ಧ, ಆರ್‌ಒ ನೀರು ವಿಹಿತ. ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂನಂತೆ ಕಡಲ ಲವಣ ಬೆರೆಸಿ, ವಿಶಿಷ್ಟ ಗುರುತ್ವ 1.025ರ ಆಸುಪಾಸಿಗೆ ತರಬೇಕು. ಅಡುಗೆಮನೆಯ ಉಪ್ಪು ಆಗದೇ? ಆಗದು. ಅದು ಬಹುಪಾಲು ಬರೀ ಸೋಡಿಯಂ ಕ್ಲೋರೈಡ್. ಕಡಲಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಪರಿವಾರವೂ ಬೇಕು. ನೀರು ಆವಿಯಾಗಿ ಇಳಿದಾಗ ಮತ್ತೆ ಉಪ್ಪುನೀರನ್ನೇ ತುಂಬುವವರುಂಟು. ಆರುವುದು ನೀರು, ಉಪ್ಪಲ್ಲ; ಹೀಗೆ ಮಾಡಿದವರ ತೊಟ್ಟಿ ಕ್ರಮೇಣ ಉಪ್ಪಿನಕಾಯಿ ಭರಣಿಯಾಗುತ್ತದೆ. ಆದ್ದರಿಂದ ತುಂಬಬೇಕಾದದ್ದು ಸಪ್ಪೆ ನೀರು.

ಪೋಷಣೆಯಲ್ಲಿ ನಮ್ಮದು ವಾಮಾಚಾರ. ಹವಳ ಸಾಕುವ ಪರಮತದವರು ನೈಟ್ರೇಟ್ ಇಳಿಸಲು ಜೀವ ತೇಯುತ್ತಾರೆ. ನಾವು ಅದನ್ನೇ ಬಾಟಲಿಯಲ್ಲಿ ತಂದು ಹನಿಹನಿಯಾಗಿ ಎರೆಯುತ್ತೇವೆ, ಜತೆಗೆ ಫಾಸ್ಫೇಟ್, ಚಿಟಿಕೆ ಕಬ್ಬಿಣ. ಹ್ಯಾಲಿಮೀಡಾ ಎಂಬ ಜಾತಿ ಸುಣ್ಣವನ್ನೂ ಬೇಡುತ್ತದೆ. ಅದು ರಾತ್ರಿ ಬಿಳಿಯ ಬಿಲ್ಲೆಯೊಂದನ್ನು ಹೊರಡಿಸಿ, ಬೆಳಗಾಗುವ ಹೊತ್ತಿಗೆ ಅದಕ್ಕೆ ಹಸಿರು ತುಂಬುತ್ತದೆ. ಅದನ್ನು ನೋಡಲು ನಸುಕಿನಲ್ಲಿ ಏಳುವವನು ಹಾಲಿನವನಿಗೆ ಬಾಗಿಲು ತೆಗೆಯಲು ಮಾತ್ರ ಏಳನೆಂಬುದು ಪ್ರತ್ಯಕ್ಷ ಪ್ರಮಾಣ.

ಗೊಬ್ಬರ ಹೆಚ್ಚಾದರೆ ಅನವಸ್ಥಾ ದೋಷ. ದುಡ್ಡು ಕೊಟ್ಟು ತಂದ ಪಾಚಿಯ ಮೇಲೆ ಪುಕ್ಕಟೆ ಪಾಚಿ ಕೂದಲಿನಂತೆ ಹಬ್ಬುತ್ತದೆ. ಆಗ ಗ್ರಾಸಿಲೇರಿಯಾದ ಕೆಂಪು ಕವಲನ್ನು ಎರಡು ಬೆರಳಲ್ಲಿ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬುಡದಿಂದ ತುದಿಗೆ, ಮುರಿಯದಂತೆ, ಹಸಿರನ್ನು ತಿಕ್ಕಿ ತೆಗೆಯಬೇಕು. ಈ ಕ್ರಿಯೆಯನ್ನು ದೊಡ್ಡಮ್ಮ ಕಾಫಿ ಹೀರುತ್ತ ಪೂರ್ತಿ ನೋಡಿದರು. ಅವರು ಏನೂ ಅನ್ನದ್ದರಿಂದ ಆಕ್ಷೇಪ ಹಿಂದೆಗೆದುಕೊಂಡರೆಂದೇ ಗ್ರಹಿಸತಕ್ಕದ್ದು.

ಕಾಲೆರ್ಪಾ ಅದ್ವೈತಿಗಳ ಪಾಚಿ. ಗರಿಯಂಥ ಎಲೆ, ಹರಿದಾಡುವ ಕಾಂಡ, ಬೇರಿನಂಥ ಎಳೆ ಎಲ್ಲ ಇದ್ದೂ ಇಡೀ ದೇಹ ಒಂದೇ ಜೀವಕೋಶ, ಭೇದವೆಲ್ಲ ಮಾಯೆ. ಅದಕ್ಕೆ ಸಂತಾನಾಪೇಕ್ಷೆ ಬಂದರೆ ತನ್ನ ಒಳಗನ್ನೆಲ್ಲ ನೀರಿಗೆ ಚೆಲ್ಲಿ ವಿದೇಹಮುಕ್ತಿ ಪಡೆಯುತ್ತದೆ. ಯಜಮಾನನಿಗೆ ಉಳಿಯುವುದು ಹಸಿರು ಕದಡು ಮತ್ತು ಬಿಳಿಚಿದ ಸಿಪ್ಪೆ. ದೀಪವನ್ನು ಹಗಲಿರುಳೂ ಉರಿಸಿದರೆ ಇದು ತಪ್ಪುತ್ತದೆ ಎನ್ನುವ ಪಂಥವೊಂದಿದೆ. ಕರೆಂಟ್ ಬಿಲ್ ಕಟ್ಟುವವರು ಆ ಪಂಥಕ್ಕೆ ಸೇರಿಲ್ಲ.

ಕೊನೆಗೆ ಅಂತ್ಯೇಷ್ಟಿ, ಇಲ್ಲಿ ತಮಾಷೆ ಸಲ್ಲದು. ಇದೇ ಕುಲದ ಕಾಲೆರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೋದ ಕಡಲವಿಜ್ಞಾನ ಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಒಂದು ಚದರ ಮೀಟರಿನಷ್ಟು ಕಂಡಿತು. ಆಮೇಲೆ ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರಿಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲೂ ತಲೆಯೆತ್ತಿದಾಗ ಟಾರ್ಪಾಲು ಮುಚ್ಚಿ ಒಳಗೆ ಕ್ಲೋರಿನ್ ಹಾಕಿ ಕೊಂದರು. ನಿರ್ಮೂಲವಾಯಿತೆಂದು ಸಾರಲು 2006 ಆಯಿತು. ಎಂದರೆ ಅಲ್ಲಿ ಸರಕಾರವೇ ದೊಡ್ಡಮ್ಮನ ವಿಧಾನಕ್ಕೆ ಬಂತು. ಆದಕಾರಣ ಕತ್ತರಿಸಿದ ತುಂಡನ್ನು ಮೋರಿಗಾಗಲಿ ಹೊಳೆಗಾಗಲಿ ಬಿಡದೆ, ಬಿಸಿಲಲ್ಲಿ ಗರಿಗರಿಯಾಗುವಂತೆ ಒಣಗಿಸಿ ಕಸಕ್ಕೆ ಹಾಕಬೇಕು. ತೆಂಗಿನ ಬುಡಕ್ಕೆ ಹಾಕೆಂದು ದೊಡ್ಡಮ್ಮನ ಮತ; ಮೂರನೇ ಮಹಡಿಯ ಫ್ಲಾಟಿನವರು ಈ ವಿಧಿಯನ್ನು ಐಚ್ಛಿಕವೆಂದು ತಿಳಿಯತಕ್ಕದ್ದು.