ಸ್ಟೋರ್ಸ್ ರಾಯರ ಬಿನ್ ಕಾರ್ಡು

ಮ್ಯಾಚ್ ಇರುವ ಸಂಜೆ ಚೆನ್ನೈನ ಅಂಬತ್ತೂರಿನ ಯಾವ ಮನೆಗೆ ಹೋದರೂ ಎಲ್ಲರ ಕಣ್ಣು ಧೋನಿಯ ಮೇಲೆ. ನಮ್ಮ ರಾಯರ ಕಣ್ಣು ಮಾತ್ರ ಬೌಂಡರಿ ಹಗ್ಗದಾಚೆ ನೀರಿನ ಬಾಟಲಿ ಹಿಡಿದು ನಿಂತವನ ಮೇಲೆ. "ಅವನು ಯಾರು ಗೊತ್ತೇನ್ರೀ?" ಎಂದು ಶುರು ಮಾಡಿದರೆ ಓವರು ಮುಗಿದು, ಜಾಹೀರಾತು ಬಂದು ಹೋದರೂ ಅವನ ಜಾತಕ ಮುಗಿಯುವುದಿಲ್ಲ.

ಇಂಥವರು ಬೀದಿಗೊಬ್ಬರು ಇರುತ್ತಾರೆ. ಹನ್ನೆರಡನೆಯವನಿಗೆ ಅನ್ಯಾಯವಾಗಿದೆ ಎಂಬುದೇ ಅವರ ಕೊರಗು. ರಾಯರದು ಕೊರಗಲ್ಲ, ಲೆಕ್ಕ. ಹಾಸನದ ಕಡೆಯಿಂದ ಬಂದು, ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ 32 ವರ್ಷ ಸ್ಟೋರ್ಸ್ ನೋಡಿಕೊಂಡವರು. ಸ್ಟೋರ್ಸಿನಲ್ಲಿ ಸಾಮಾನು ಮೂರು ಜಾತಿಯಂತೆ: ದಿನಾ ಓಡುವುದು, ಆಗೊಮ್ಮೆ ಈಗೊಮ್ಮೆ ಓಡುವುದು, ಓಡದೇ ಇರುವುದು. ಮೂರನೆಯದನ್ನು ಕಂಡಾಗಲೆಲ್ಲ ಆಡಿಟರು ಕೆಂಪು ಇಂಕಿನಲ್ಲಿ 'ನಾನ್ ಮೂವಿಂಗ್' ಎಂದು ಗೀಚುವುದು, ಅದರ ಕೆಳಗೆ ರಾಯರು ನೀಲಿ ಇಂಕಿನಲ್ಲಿ 'ಇನ್ಶೂರೆನ್ಸ್ ಸ್ಪೇರ್' ಎಂದು ಬರೆಯುವುದು.

ಪ್ರೆಸ್ಸಿನ ದೊಡ್ಡ ಬೇರಿಂಗ್ ಒಂದಿತ್ತಂತೆ. ಗ್ರೀಸ್ ಸವರಿ, ಎಣ್ಣೆ ಕಾಗದ ಸುತ್ತಿ, ಮೇಲಿನ ರ‍್ಯಾಕಿನಲ್ಲಿ ಮಲಗಿಸಿದ್ದು. ದಾರದಲ್ಲಿ ಬಿನ್ ಕಾರ್ಡು ನೇತಾಡುತ್ತಿತ್ತು: ಬಂದದ್ದು 1, ಹೋದದ್ದು 0, ಬಾಕಿ 1. ರಾಯರು ರಿಟೈರಾದ ದಿನವೂ ಬಾಕಿ 1.

"ಹಾಗಾದರೆ ದಂಡವಾಯ್ತಲ್ಲ ರಾಯರೇ?" ಎಂದೆ.

"ಏನ್ರೀ ಹೀಗಂತೀರಿ! ಪ್ರೆಸ್ಸು ಒಂದು ದಿನವೂ ಕೆಟ್ಟು ನಿಂತಿಲ್ಲ. ಯಾಕೆ? ಮೇಲೆ ಇನ್ನೊಬ್ಬ ಕೂತಿದಾನೆ ಅಂತ ಒಳಗಿದ್ದ ಬೇರಿಂಗಿಗೆ ಗೊತ್ತಿತ್ತು!"

2021ರಲ್ಲಿ ಈ ಸಿದ್ಧಾಂತಕ್ಕೆ ಸುಗ್ಗಿ ಬಂತು. ನಮ್ಮ ಕೆ. ಗೌತಮ್, 2019ರ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಳ್ಳಾರಿ ಪರ ಒಂದೇ ಪಂದ್ಯದಲ್ಲಿ 56 ಎಸೆತಕ್ಕೆ ಔಟಾಗದೆ 134 ಬಾರಿಸಿ, ಸಾಲದೆಂದು 15 ರನ್ನಿಗೆ 8 ವಿಕೆಟ್ ಕಿತ್ತವರು, ಐಪಿಎಲ್ ಹರಾಜಿನಲ್ಲಿ 20 ಲಕ್ಷದ ಮೂಲ ಬೆಲೆಯಿಂದ 9.25 ಕೋಟಿಗೆ ಏರಿ ಚೆನ್ನೈ ತಂಡದ ಪಾಲಾದರು. ಇಡೀ ಸೀಸನ್ನಿನಲ್ಲಿ ಅವರನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. "ಸುಮ್ಮಾ ಉಕ್ಕಾರ ಒಂಬದು ಕೋಡಿಯಾ ಸಾರ್?" ಎಂದು ಎದುರುಮನೆಯವರು ನಕ್ಕರು. ಸುಮ್ಮನೆ ಕೂರುವುದಕ್ಕೆ ಒಂಬತ್ತು ಕೋಟಿಯೇ ಎಂಬ ಈ ಪ್ರಶ್ನೆ ರಾಯರ 32 ವರ್ಷದ ಸರ್ವೀಸಿಗೇ ತಗುಲಿತು. ಡೈರಿ ತೆಗೆದರು. ತಂಡ ಆಡಿದ್ದು 16 ಪಂದ್ಯ. ಭಾಗಿಸಿದರೆ ಪಂದ್ಯಕ್ಕೆ 57,81,250 ರೂಪಾಯಿ. "ಇದು ಪ್ರೀಮಿಯಂ ಕಣ್ರೀ. ಮನೆಗೆ ಬೆಂಕಿ ಬೀಳಲಿಲ್ಲ ಅಂತ ಕಟ್ಟಿದ ದುಡ್ಡು ವಾಪಸ್ ಕೇಳ್ತೀರಾ?" ಅಕ್ಟೋಬರ್ 15ರಂದು ಕಪ್ ಬಂತು. ರಾಯರ ಪ್ರಕಾರ ಅದರಲ್ಲಿ ಅರ್ಧ ಗೌತಮ್‌ದು.

ಹುಚ್ಚು ಲೆಕ್ಕ ಎಂದು ತಳ್ಳಿಹಾಕೋಣವೆಂದರೆ ಕೊಡಗಿನ ರಾಬಿನ್ ಉತ್ತಪ್ಪ ಅಡ್ಡ ಬರುತ್ತಾರೆ. ಅದೇ ಸೀಸನ್ನು, ಅದೇ ತಂಡ, ಅಕ್ಟೋಬರ್‌ವರೆಗೆ ಅದೇ ಬೆಂಚು. ರೈನಾ ಜಾಗಕ್ಕೆ ಇಳಿಸಿದ ಮೇಲೆ ಕ್ವಾಲಿಫೈಯರ್‌ನಲ್ಲಿ 44 ಎಸೆತಕ್ಕೆ 63, ಫೈನಲ್‌ನಲ್ಲಿ 15 ಎಸೆತಕ್ಕೆ 31. ಅವತ್ತು ರಾಯರು ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಮರುವರ್ಷದ ಹರಾಜಿನಲ್ಲಿ ಗೌತಮ್ 90 ಲಕ್ಷಕ್ಕೆ ಲಖನೌಗೆ ಹೋದಾಗ ಮಾತ್ರ "ಡಿಪ್ರಿಸಿಯೇಷನ್" ಎಂದಷ್ಟೇ ಹೇಳಿ ಚಾನೆಲ್ ಬದಲಿಸಿದರು.

ರಾಯರ ಮಗ ಮೆಲ್ಬರ್ನಿನಲ್ಲಿದ್ದಾನೆ. ಅಪ್ಪನನ್ನು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿಗೆ ಕರೆದುಕೊಂಡು ಹೋದ. ಅಲ್ಲಿ ತಂಡಕ್ಕೆ 18 ಮಂದಿ ಮೈದಾನದಲ್ಲಿ. ಬೆಂಚಿನವರು ಮತ್ತೆ ಮತ್ತೆ ಒಳಗೆ ಓಡಿ ಹೊರಗೆ ಬರುತ್ತಾರೆ. ರಾಯರು ಖುಷಿಪಡುತ್ತಾರೆಂದು ನಾನೂ ಅಂದುಕೊಂಡಿದ್ದೆ. "ಛೆ, ಅದು ಸ್ಪೇರ್ ಅಲ್ಲ ರೀ. ಶಿಫ್ಟು!"

ಭಾನುವಾರದ ಟೆನಿಸ್ ಬಾಲ್ ಮ್ಯಾಚಿಗೆ ರಾಯರೇ ಸೆಲೆಕ್ಟರು. ಸಾಫ್ಟ್‌ವೇರ್ ಹುಡುಗನೊಬ್ಬನನ್ನು 'ಇನ್ಶೂರೆನ್ಸ್' ಎಂದು ಆರು ವಾರ ಬೇವಿನ ಮರದಡಿ ಕೂರಿಸಿ, ಏಳನೇ ವಾರ ಕೊನೇ ಓವರಿಗೆ ಇಳಿಸಿದರು. ನೆಟ್ಟಗೆ ಕೈಗೆ ಬಂದ ಕ್ಯಾಚು ಅವನ ಎದೆಗೆ ಬಡಿದು ಬೌಂಡರಿಗೆ ಹೋಯಿತು. ರಾಯರು ಬೈಯಲಿಲ್ಲ. ಡೈರಿಯಲ್ಲಿ ಬರೆದುಕೊಂಡರು: ಇಶ್ಯೂ 1, ರಿಟರ್ನ್ 1.

ಇಂಥ ರಾಯರಿಗೆ ಮನೆಯ ಬಾಲ್ಕನಿಯಲ್ಲಿರುವ ಒರಳುಕಲ್ಲನ್ನು ಕಂಡರೆ ಆಗುವುದಿಲ್ಲ. ಮೊನ್ನೆ ನಾನು ಕಾಫಿ ಕುಡಿಯುತ್ತಿದ್ದಾಗಲೇ ಶುರು ಮಾಡಿದರು. "ಮಿಕ್ಸಿ ಇದೆ, ಗ್ರೈಂಡರ್ ಇದೆ. ಇದೊಂದು ಯಾಕೆ ಜಾಗ ತಿನ್ಕೊಂಡು? ಯಾರಿಗಾದ್ರೂ ಕೊಟ್ಟು ಬಿಡೇ."

ಅವರ ಮನೆಯವರು ಸೊಪ್ಪು ಬಿಡಿಸುತ್ತಲೇ ಕೇಳಿದರು: "2016ರಲ್ಲಿ ವರ್ದಾ ಚಂಡಮಾರುತ ಬಂದು ಕರೆಂಟು ಹೋದಾಗ, ನಿಮಗೆ ನಾಲ್ಕು ದಿನ ಚಟ್ನಿ ರುಬ್ಬಿ ಹಾಕಿದ್ದು ಯಾವುದರಲ್ಲಿ?"

ರಾಯರು ಬಾಯಿ ತೆರೆದರು, ಮುಚ್ಚಿದರು.

"ಅದೂ ಅಲ್ಲದೆ, ಈ ಮನೇಲಿ ಓಡದ ಸಾಮಾನು ಅದೊಂದೇನಾ?"

ಒರಳುಕಲ್ಲು ಬಾಲ್ಕನಿಯಲ್ಲಿದೆ. ರಾಯರು ಹಾಲಿನಲ್ಲಿ, ಟಿವಿ ಮುಂದೆ ಇದ್ದಾರೆ.