ರಜೆ ಖಾನಾಪುರಕ್ಕೆ, ಹಾಜರಿ ಬೆಳಗಾವಿಯಲ್ಲಿ

ನಾನು ಮಲಗುವುದು ಖಾನಾಪುರ ತಾಲ್ಲೂಕಿನಲ್ಲಿ, ಓದುವುದು ಬೆಳಗಾವಿ ತಾಲ್ಲೂಕಿನಲ್ಲಿ. ನಡುವೆ ಸುಮಾರು 26 ಕಿಲೋಮೀಟರ್ ರಸ್ತೆ, ಒಂದು ಟೋಲ್ ನಾಕೆ, ಮತ್ತು ಎಂದೂ ಹೊತ್ತಿಗೆ ಸರಿಯಾಗಿ ಸಿಗದ ಒಂದು ಬಸ್ಸು. ಹತ್ತನೇ ಇಯತ್ತೆಗೆ ಬಂದಿದ್ದೇನೆ. ಬೇಸಿಗೆ, ಚಳಿಗಾಲದಲ್ಲಿ ಈ ಏರ್ಪಾಟಿನಿಂದ ಯಾರಿಗೂ ತೊಂದರೆಯಿಲ್ಲ. ಜುಲೈ ಬಂತೆಂದರೆ ಮಾತ್ರ ನಾನು ಯಾವ ತಾಲ್ಲೂಕಿನವನು ಎಂಬ ಪ್ರಶ್ನೆ ಏಳುತ್ತದೆ.

ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲ್ಲೂಕಿನದೇ. ಅಲ್ಲಿ ಮತ್ತು ಜಾಂಬೋಟಿ ಸೀಮೆಯಲ್ಲಿ ಮಳೆ ಹಿಡಿದರೆ ಹಳ್ಳಗಳು ತುಂಬಿ, ಕಾಡಂಚಿನ ಊರುಗಳ ದಾರಿ ಕಟ್ಟಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಎಲ್ಲರ ಫೋನಿಗೂ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ: ನಾಳೆ ಖಾನಾಪುರ ತಾಲ್ಲೂಕಿನ ಶಾಲೆಗಳಿಗೆ ರಜೆ. ಊರಿನ ಶಾಲೆಯಲ್ಲೇ ಏಳನೇ ಇಯತ್ತೆ ಓದುವ ನನ್ನ ತಂಗಿ ಆದೇಶವನ್ನು ದೊಡ್ಡ ದನಿಯಲ್ಲಿ, ನನ್ನ ಕಿವಿಗೆ ಬೀಳುವಂತೆ, ಎರಡು ಸಲ ಓದುತ್ತಾಳೆ. ನಾನು ಅಪ್ಪನ ಮುಖ ನೋಡುತ್ತೇನೆ.

"ನಾನೂ ಖಾನಾಪುರದಾಗ ಇರೂದಲ್ಲಪ್ಪಾ."

"ರಜಾ ಕೊಟ್ಟಿದ್ದು ಸಾಲಿಗೆಲೇ, ಹಾಸಿಗಿಗಲ್ಲ."

ಅಪ್ಪನ ಮಾತಿಗೆ ಎದುರಿಲ್ಲ. ರೇನ್‌ಕೋಟು ಹಾಕಿಕೊಂಡು, ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಅರ್ಧ ತೊಯ್ದು ಬೆಳಗಾವಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಬಾಗಿಲಲ್ಲಿ ವಿಜ್ಞಾನದ ಸರ್. "ಯಾಕೋ ತಡ?" "ಖಾನಾಪುರಕ್ಕ ಇವತ್ತ ರಜಾ ಐತ್ರಿ ಸರ, ಬಸ್ಸು ಕಡಿಮಿ ಇದ್ದೂ." "ರಜಾ ಇದ್ರ ನೀ ಯಾಕ ಬಂದಿ?" ಮನೆಯಲ್ಲಿ ನಾನು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿದ್ದು ನನಗೆ ಬಹಳ ಸಮಾಧಾನ ಕೊಟ್ಟಿತು. ಆದರೆ ತಿರುಗಿ ಹೋಗು ಎಂದು ಅವರು ಹೇಳಲಿಲ್ಲ. ಹಿಂದಿನ ಬೆಂಚಿಗೆ ಹೋಗು ಎಂದರು.

ಇನ್ನು ಕೆಲವು ದಿನ ಬೆಳಗಾವಿ ತಾಲ್ಲೂಕಿಗೆ ರಜೆ ಇರುತ್ತದೆ ಎಂಬ ಸುದ್ದಿ ಹಬ್ಬುತ್ತದೆ. ನೋಡಿದರೆ ಅದು ಹೋದ ವರ್ಷದ ಆದೇಶ, ಯಾರೋ ಪುಣ್ಯಾತ್ಮರು ತಾರೀಖು ತಿದ್ದಿ ಬಿಟ್ಟಿರುತ್ತಾರೆ. ಈಗ ನಮ್ಮ ವರ್ಗ ಇದರಲ್ಲಿ ಪಳಗಿದೆ. ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದೆಯೇ, ಸಹಿ ಈಗಿನ ಸಾಹೇಬರದೇ ಅಥವಾ ವರ್ಗವಾಗಿ ಹೋದವರದೇ, ಅಂಕಿಗಳ ಅಕ್ಷರದ ದಪ್ಪ ಉಳಿದ ಸಾಲುಗಳಂತೆಯೇ ಇದೆಯೇ ಎಂದೆಲ್ಲ ನೋಡಿಯೇ ನಂಬುವುದು. ಇತಿಹಾಸದ ಪಾಠದಲ್ಲಿ ಆಕರಗಳ ಸತ್ಯಾಸತ್ಯತೆಯನ್ನು ಪರೀಕ್ಷಿಸಬೇಕು ಎಂಬ ವಾಕ್ಯ ಬಂದಾಗ ಇಡೀ ವರ್ಗ ಒಟ್ಟಿಗೆ ತಲೆಯಾಡಿಸಿತು. ಟೀಚರಿಗೆ ತಮ್ಮ ಪಾಠ ಇಷ್ಟು ಚೆನ್ನಾಗಿ ಮುಟ್ಟಿದ್ದು ಹೇಗೆಂದು ಆಶ್ಚರ್ಯವಾಯಿತು.

ಬಸ್ಸಿನ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯಲ್ಲಿ ಅವ್ವ, ತಂಗಿ, ಆಯಿ ಮೂವರೂ ಆಧಾರ್ ಕಾರ್ಡು ತೋರಿಸಿ ಓಡಾಡುತ್ತಾರೆ. ಆಯಿ ಅಂದರೆ ಅಪ್ಪನ ಅವ್ವ. ಮೊದಲೆಲ್ಲ ಆಕೆ ಬೆಳಗಾವಿಗೆ ಬರುತ್ತಿದ್ದುದು ಕಣ್ಣಿನ ಡಾಕ್ಟರ ಹತ್ತಿರ ಮಾತ್ರ. ಈಗ ಒಂದು ಕುಕ್ಕರಿನ ರಬ್ಬರು ತರುವುದಕ್ಕೂ ಬರುತ್ತಾಳೆ. ತಂದ ರಬ್ಬರು ಅಳತೆಗೆ ಕೂಡದಿದ್ದರೆ ಅದಕ್ಕಿಂತ ಖುಷಿಯ ಸಂಗತಿ ಇಲ್ಲ, ಮರುದಿನ ಬದಲಿಸಲು ಮತ್ತೆ ಹೊರಡುತ್ತಾಳೆ. ಕಂಡಕ್ಟರ್ ಹರಿದುಕೊಡುವ ಚೀಟಿಯಲ್ಲಿ ದರ ಸೊನ್ನೆ. ಸೊನ್ನೆ ಬಂದರೆ ಮನೆಮಂದಿ ಸಂತೋಷಪಡುವುದು ನಾನು ಕಂಡಂತೆ ಅದೊಂದೇ ಕಾಗದದಲ್ಲಿ. ನಾನು ಗಂಡಸಾದ್ದರಿಂದ ನನಗೆ ಪಾಸು. ಅದರಲ್ಲಿರುವ ಫೋಟೋ ನನ್ನದೇ ಎಂದು ಒಪ್ಪಿಸುವುದು ದಿನದ ಮೊದಲ ಮೌಖಿಕ ಪರೀಕ್ಷೆ.

ಈ ದಾರಿಯಲ್ಲಿ ಮಚ್ಛೆ ಬರುತ್ತದೆ. ಅಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. 1998ರಲ್ಲಿ ಶುರುವಾದದ್ದು, ರಾಜ್ಯದ ಎಂಜಿನಿಯರಿಂಗ್ ಹುಡುಗರ ಹಣೆಬರಹವನ್ನು ಬಹುಮಟ್ಟಿಗೆ ಬರೆಯುವುದು ಅಲ್ಲಿಯೇ. ಅಪ್ಪ ನನ್ನ ಜೊತೆ ಬಸ್ಸಿನಲ್ಲಿದ್ದರೆ ಆ ಕಮಾನು ಕಂಡಾಗಲೆಲ್ಲ ಮೊಣಕೈಯಿಂದ ತಿವಿದು, "ನೋಡು" ಅನ್ನುತ್ತಾರೆ. ಬಹಳ ಸಲ ನೋಡಿದ್ದೇನೆ. ಅಪ್ಪನಿಗೆ ನಾನು ಅಲ್ಲಿ ಇಳಿಯಬೇಕು ಎಂಬ ಆಸೆ; ಹಿಂದೆ ನಿಂತವರಿಗೆ ನಾನು ಅಲ್ಲೇ ಈಗಲೇ ಇಳಿದರೆ ಸೀಟು ಸಿಗುತ್ತದೆಂಬ ಆಸೆ.

2025ರ ಆಗಸ್ಟ್ 10ರಿಂದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ರೈಲೂ ನಮ್ಮ ಊರಿನ ಮೇಲೆಯೇ ಹಾದುಹೋಗುತ್ತದೆ. ಬೆಳಗಾವಿ ಬಿಡುವುದು ನಸುಕಿನ 5.20ಕ್ಕೆ. ಖಾನಾಪುರದಲ್ಲಿ ಅದು ನಿಲ್ಲುವುದಿಲ್ಲ, ನಿಲ್ಲುವ ಅಗತ್ಯವೂ ಅಪ್ಪನಿಗೆ ಕಾಣುವುದಿಲ್ಲ. "ವಂದೇ ಭಾರತ ಹೋಗಿ ಲೋಂಡಾ ಮುಟ್ಟಿತು, ನೀ ಇನ್ನೂ ಮಗ್ಗಲಾ ಬದಲಸಾಕತ್ತಿ" ಎಂದು ಹೊದಿಕೆ ಎಳೆಯುವುದಕ್ಕೆ ಅದು ಹಾದುಹೋದರೆ ಸಾಕು. ದೇಶದ ಅತಿ ವೇಗದ ರೈಲುಗಳಲ್ಲಿ ಒಂದು ನಮ್ಮ ಮನೆಗೆ ಗಡಿಯಾರದ ಕೆಲಸ ಮಾಡುತ್ತಿದೆ.

ಆಟಕ್ಕೆ ಬರುತ್ತೇನೆ. ಪಿ.ಟಿ. ಪೀರಿಯಡ್ಡು ಹತ್ತನೇ ಇಯತ್ತೆಯಲ್ಲಿ ವೇಳಾಪಟ್ಟಿಯಲ್ಲಿ ಇದೆ, ವೇಳೆಯಲ್ಲಿ ಇಲ್ಲ. ಆದರೂ ಇಲಾಖೆಯ ಕ್ರೀಡಾಕೂಟ ಹತ್ತಿರ ಬಂದಾಗ ಪಿ.ಟಿ. ಸರ್ ಎಲ್ಲ ವರ್ಗಗಳಿಗೂ ನುಗ್ಗಿ ಉದ್ದನೆಯ ಕಾಲಿನ ಹುಡುಗರನ್ನು ಆರಿಸಿ ಒಯ್ಯುತ್ತಾರೆ. ಬಸ್ಸಿನ ಹಿಂದೆ ಓಡಿದ ಅಭ್ಯಾಸ ನನ್ನ ಕಾಲಿನಲ್ಲಿ ಕಾಣಿಸುತ್ತಿತ್ತೋ ಏನೋ, ಖೊ ಖೊ ತಂಡಕ್ಕೆ ನನ್ನನ್ನೂ ಹಾಕಿಕೊಂಡರು. ಎಕ್ಸ್‌ಟ್ರಾ ಆಟಗಾರನಾಗಿ. ಎಕ್ಸ್‌ಟ್ರಾ ಆಟಗಾರನ ಕೆಲಸ ಕಡಿಮೆ ಎಂದು ಯಾರೂ ತಿಳಿಯಬಾರದು. ಒಂಬತ್ತು ಜನರ ಚಪ್ಪಲಿ, ಕೈಗಡಿಯಾರ, ಡಬ್ಬಿ, ಮತ್ತು ಸರ್ ಅವರ ಹೆಲ್ಮೆಟ್ಟು ನನ್ನ ಸುಪರ್ದಿಯಲ್ಲಿದ್ದವು.

ಜಿಲ್ಲಾ ಮಟ್ಟದಲ್ಲಿ ನಮ್ಮ ಎದುರಾಳಿ ಖಾನಾಪುರ ತಾಲ್ಲೂಕಿನ ತಂಡವೇ. ಅದರಲ್ಲಿ ನಮ್ಮ ಓಣಿಯ ಹುಡುಗರೇ ಮೂವರು. ಆಯಿ ನೋಡಲು ಬಂದಿದ್ದಳು, ಸೊನ್ನೆ ಟಿಕೆಟ್ಟಿನಲ್ಲಿ. ಆಕೆ ಬಂದದ್ದು ನನಗಾಗಿ ಎಂದುಕೊಂಡಿದ್ದೆ. ಆಟ ಶುರುವಾಗುತ್ತಲೇ ಎದುರು ತಂಡದ ಹುಡುಗನ ಹೆಸರು ಹಿಡಿದು, "ಓಡಲೇ, ಬಲಕ್ಕ ಹೊರಳಲೇ" ಎಂದು ಕೂಗತೊಡಗಿದಳು. ಆಮೇಲೆ ಕೇಳಿದರೆ, "ನೀ ಚಪ್ಲಿ ಕಾಯಾಕ ಕುಂತಿದ್ದಿ, ನಿನಗ ಏನಂತ ಒದರಲಿ?" ಎಂದಳು. ಅವರು ಗೆದ್ದರು. ಸಂಜೆ ಅವರ ಜೊತೆಗೇ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆ. ಖಾನಾಪುರ ಸ್ಟ್ಯಾಂಡಿನಲ್ಲಿ ತಂಡಕ್ಕೆ ಹಾರ ಹಾಕಲು ಜನ ನಿಂತಿದ್ದರು. ಗದ್ದಲದಲ್ಲಿ ನನ್ನ ಕೊರಳಿಗೂ ಒಂದು ಬಿತ್ತು. ನಾನು ತೆಗೆಯಲು ಹೋಗಲಿಲ್ಲ. ಹಾರ ಹಾಕಿದವರ ಮನಸ್ಸು ನೋಯಬಾರದು.

ಖೊ ಖೊ ಎಂದರೆ ಅಪ್ಪನಿಗೆ ಅಷ್ಟಕ್ಕಷ್ಟೇ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊಟ್ಟಮೊದಲ ಖೊ ಖೊ ವಿಶ್ವಕಪ್ ನಡೆಯಿತು, ಗಂಡಸರ ಕಪ್ಪೂ ಹೆಂಗಸರ ಕಪ್ಪೂ ಭಾರತಕ್ಕೇ ಬಂದವು, ಎರಡೂ ಫೈನಲ್ಲಿನಲ್ಲಿ ಸೋತದ್ದು ನೇಪಾಳ ಎಂದು ಹೇಳಿದೆ. "ಕ್ರಿಕೆಟ್ಟಿನ್ಯಾಗ ಆರ್‌ಸಿಬಿ ಗೆಲ್ಲಾಕ 18 ವರ್ಷ ಹಿಡೀತು. ಮೊದಲನೇ ಸಲಕ್ಕ ಎರಡೂ ಕಪ್ ಬರೂ ಆಟ ಎಂಥಾ ಆಟಲೇ ಅದು?" ಎಂದರು. ಕಷ್ಟಪಡದೆ ಗೆದ್ದದ್ದರ ಮೇಲೆ ಅಪ್ಪನಿಗೆ ನಂಬಿಕೆಯಿಲ್ಲ.

ಆದರೆ ಬೆಳಗಾವಿಯ ಮಣ್ಣಿನಲ್ಲಿ ಆಟ ಇದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿ ಇಲ್ಲಿಯ ಬಂಡು ಪಾಟೀಲರು ಇದ್ದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ, ಅಲ್ಲಿಯ ತನಕ ನಮ್ಮ ಪಿ.ಟಿ. ಸರ್ ಕೂಡ ಹೆಸರೆತ್ತಿರದ ಕುಸ್ತಿಯಲ್ಲಿ ಕಂಚು ತಂದವರು ಬೆಳಗಾವಿ ತಾಲ್ಲೂಕಿನ ಮಲಪ್ರಭಾ ಜಾಧವ್. ಆದರೆ ನನಗೆ ಎಲ್ಲರಿಗಿಂತ ಹತ್ತಿರದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದರು. ಆ ವರ್ಷದ ದೂರ ಈಗಿನದಕ್ಕಿಂತ ತುಸು ಹೆಚ್ಚು, 42.75 ಕಿಲೋಮೀಟರ್. ಲೆಕ್ಕ ಹಾಕಿ ನೋಡಿದೆ: ಬೆಳಗಾವಿಯಿಂದ ಖಾನಾಪುರಕ್ಕೆ ಓಡಿ ಬಂದು, ಚಹಾಕ್ಕೂ ನಿಲ್ಲದೆ ತಿರುಗಿ, ಹೆಚ್ಚುಕಡಿಮೆ ಮಚ್ಛೆ ತನಕ ಓಡಿದಂತೆ. ಅದೂ ಮೂರು ತಾಸಿನ ಒಳಗೆ. ನಮ್ಮ ಬಸ್ಸು ಮಳೆಗಾಲದಲ್ಲಿ ಈ ವೇಗಕ್ಕೆ ಬಹಳ ದೂರವೇನಲ್ಲ.

ಚೌಗುಲೆ ಹತ್ತಿರದವರಾಗಲು ಕಾರಣ ಬೇರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವರ್ಗದಲ್ಲಿ ನನ್ನ ಸ್ಥಾನವೂ 19. ಪ್ರಗತಿಪತ್ರ ಕೊಡುವ ಮುಂಚೆ ಅಪ್ಪನಿಗೆ ಆಂಟ್ವರ್ಪಿನ ಕಥೆ ವಿವರವಾಗಿ ಹೇಳಿದೆ. ಅಪ್ಪ ಮೈಮರೆತು ಕೇಳಿದರು, "ನಮ್ಮ ಬೆಳಗಾಂವಿ ಮನಶಾ!" ಎಂದು ಎದೆ ಉಬ್ಬಿಸಿದರು. ಆಗ ಕಾರ್ಡು ಮುಂದಿಟ್ಟೆ. ಬಹಳ ಹೊತ್ತು ನೋಡಿ ಹೇಳಿದರು: "ಅಂವಾ ಓಡಿದ್ದು ಜಗತ್ತಿನ ಎದುರಿಗಲೇ. ನೀ ಓಡಿದ್ದು ಮೂವತ್ತೆಂಟು ಹುಡುಗರ ಎದುರಿಗೆ. ಅದರಾಗ ಇಬ್ಬರಿಗೆ ಡೆಂಗಿ ಜ್ವರಾ ಬಂದಿತ್ತು."

ತಂತ್ರಜ್ಞಾನದಲ್ಲಿ ನಾವು ಹಿಂದೆ ಬಿದ್ದಿಲ್ಲ. ಪಠ್ಯಪುಸ್ತಕದ ಪಾಠಗಳ ಜೊತೆ ಕ್ಯೂಆರ್ ಕೋಡ್ ಅಚ್ಚು ಮಾಡಿದ್ದಾರೆ. ಫೋನು ಹಿಡಿದರೆ ದೀಕ್ಷಾ ಆ್ಯಪಿನಲ್ಲಿ ಪಾಠ ತೆರೆಯುತ್ತದೆ. ಶಾಲೆಯಲ್ಲಿ ಪುಸ್ತಕ ಇದೆ, ಫೋನು ತರುವಂತಿಲ್ಲ. ಮನೆಯಲ್ಲಿ ಫೋನು ಇದೆ, ಮಳೆಗಾಲದಲ್ಲಿ ಕರೆಂಟು ಇಲ್ಲ. ಕರೆಂಟು ಬಂದಾಗ ಫೋನು ಅಪ್ಪನ ಕೈಯಲ್ಲಿ. ಕ್ಯೂಆರ್ ಕೋಡನ್ನು ನಾನು ಈಚೆಗೆ ಒಂದು ರಂಗೋಲಿಯಂತೆ ಭಕ್ತಿಯಿಂದ ದಾಟಿಕೊಂಡು ಹೋಗುತ್ತೇನೆ.

ಎಐ ಬಂದ ಮೇಲೆ ವರ್ಗದಲ್ಲಿ ಕನ್ನಡ ಪ್ರಬಂಧಗಳ ಭಾಷೆ ಒಮ್ಮೆಲೇ ಸುಧಾರಿಸಿತು. "ನಮ್ಮೂರು" ಎಂಬ ವಿಷಯ ಕೊಟ್ಟಾಗ ನಾನೂ ಅದಕ್ಕೆ ಖಾನಾಪುರದ ಬಗ್ಗೆ ಬರೆಯಲು ಹೇಳಿದೆ. ಚೆಂದಾಗಿಯೇ ಬರೆಯಿತು, ಸಾಂಗಲಿ ಜಿಲ್ಲೆಯ ಸುಂದರ ತಾಲ್ಲೂಕು, ದ್ರಾಕ್ಷಿ ತೋಟಗಳ ನಾಡು ಎಂದು. ಮಹಾರಾಷ್ಟ್ರದ ಸಾಂಗಲಿಯಲ್ಲೂ ಒಂದು ಖಾನಾಪುರ ತಾಲ್ಲೂಕು ಇರುವುದು ನಿಜ. ಆದರೂ ಗಡಿ ವಿಷಯವಾಗಿ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆ, ಇಷ್ಟು ವರ್ಷ ದೊಡ್ಡ ದೊಡ್ಡ ವಕೀಲರು ವಾದಿಸಿದರೂ ಮುಗಿಯದಿರುವಾಗ, ಒಂದು ಫೋನು ಎರಡು ಸೆಕೆಂಡಿನಲ್ಲಿ ನಮ್ಮ ಮನೆಯನ್ನು ಆಚೆ ದಾಟಿಸಿಬಿಟ್ಟದ್ದು ನನಗೆ ಸರಿಬರಲಿಲ್ಲ. ತಿದ್ದು ಎಂದೆ. ತಪ್ಪಿಗೆ ಕ್ಷಮೆ ಕೇಳಿ ಊರನ್ನು ತಕ್ಷಣ ಕರ್ನಾಟಕಕ್ಕೆ ತಂದಿತು. ದ್ರಾಕ್ಷಿ ತೋಟಗಳು ಮಾತ್ರ ಜೊತೆಗೇ ಬಂದವು.

ಕೊನೆಗೆ ಆಯಿಯನ್ನು ಕೇಳಿ ಬರೆದೆ. ಖಾನಾಪುರದ ಹಂಚು, ಕುಂಬಾರಿಕೆ ಕಲಿಸುವ ಸರಕಾರಿ ಸಂಸ್ಥೆ, ಮಲಪ್ರಭೆಯ ಘಾಟು, ಹಂಚಿನ ಮಣ್ಣು ಹೊತ್ತ ಎತ್ತಿನ ಗಾಡಿಗಳು, ಯಾವ ಮನೆಯ ಸೊಸೆ ಯಾರ ಜೊತೆ ಯಾಕೆ ಮಾತು ಬಿಟ್ಟಳು, ಎಲ್ಲವೂ ಬಂತು. ಕಡೆಯದನ್ನು ಟೀಚರ್ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣಗೆ "ಆಮೇಲೆ ಏನಾಯಿತು?" ಎಂದು ಬರೆದಿದ್ದರು.

ಈಗ ಎಲ್ಲರ ಬಾಯಲ್ಲೂ ಒಂದೇ ತಂತ್ರಜ್ಞಾನ: ವೆಬ್‌ಕಾಸ್ಟಿಂಗ್. 2024ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ. ಹುಡುಗರು ಬರೆಯುವುದನ್ನು ಕಚೇರಿಯಲ್ಲಿ ಕುಳಿತವರು ನೇರವಾಗಿ ನೋಡುತ್ತಾರೆ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ 73.40ಕ್ಕೆ ಬಂತು, 2025ರ ಮೊದಲ ಪರೀಕ್ಷೆಯಲ್ಲಿ 66.14ಕ್ಕೆ. ಗಣಿತದ ಸರ್ ಇದನ್ನು ಬೋರ್ಡಿನ ಮೇಲೆ ಬರೆದು, ಇದು ಸಮಾಂತರ ಶ್ರೇಢಿಯೇ ಎಂದು ಕೇಳಿದರು. ಅಲ್ಲ, ಮೊದಲ ಸಲ 10.49 ಬಿದ್ದಿದೆ, ಎರಡನೇ ಸಲ 7.26 ಮಾತ್ರ. ಗಣಿತದಲ್ಲಿ ಒಂದು ಉತ್ತರ ಇಷ್ಟು ನೆಮ್ಮದಿ ಕೊಟ್ಟದ್ದು ಅದೇ ಮೊದಲು.

ಮನೆಯಲ್ಲಿ ಊಟಕ್ಕೆ ಕುಳಿತಾಗ ಇದನ್ನು ಹೇಳಿದೆ. ಅವ್ವನ ಕೈಯ ತುತ್ತು ಅಲ್ಲೇ ನಿಂತಿತು. ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಆಯಿಗೆ ಮಾತ್ರ ಬೇರೆ ಚಿಂತೆ.

"ಕ್ಯಾಮೆರಾದಾಗ ನೀನೂ ಕಾಣಸ್ತೀ ಏನು?"

"ಎಲ್ಲಾರೂ ಕಾಣಸ್ತಾರ ಆಯೀ. ಮೂರು ತಾಸು."

"ಮೂರು ತಾಸು!" ಆಯಿ ತಾಟು ಸರಿಸಿ ನನ್ನ ತಲೆಯನ್ನೊಮ್ಮೆ ನೋಡಿದಳು. "ಹಂಗಾದ್ರ ಆ ಕೂದ್ಲಕ್ಕ ಒಂದೀಟು ಎಣ್ಣಿ ಹಚ್ಚಿ ಬಾಚಕೊಂಡು ಹೋಗು. ಕಿಡಕಿ ಕಡೆ ಕುಂದ್ರು, ಬೆಳಕು ಚಲೋ ಬೀಳತೈತಿ. ಮತ್ತ ಬರೀ ಹಾಳಿ ನೋಡಕೋತ ಕುಂದ್ರಬ್ಯಾಡ, ನಡುನಡುವ ಮ್ಯಾಲೆ ನೋಡು."

ಅಪ್ಪ ಕೆಮ್ಮಿದರು. ಆಯಿ ಅವರ ಕಡೆ ತಿರುಗಿದಳು.

"ಕೇಬಲ್‌ದಾಂವನ ರೊಕ್ಕಾ ಎರಡು ತಿಂಗಳದ್ದು ಬಾಕಿ ಐತಿ. ಮಾರ್ಚಿನೊಳಗ ತುಂಬಿಬಿಡಪಾ. ಓಣಿಯವರಿಗೆಲ್ಲಾ ಹೇಳಬೇಕಾಗತೈತಿ, ಯಾವ ಚಾನೆಲ್ಲಿನ್ಯಾಗ ಬರತೈತಿ ಅಂತ ಸರಿಯಾಗಿ ಕೇಳಕೊಂಡು ಬಾ."