ಒಂಟಿ ಹೂಂ, ಜಂಟಿ ಉಹೂಂ

ಅರಿಶಿನ ಹಳದಿ, ಸುಣ್ಣ ಬಿಳಿ. ಎರಡನ್ನೂ ನೀರಿನಲ್ಲಿ ಕದಡಿದರೆ ಆರತಿ ತಟ್ಟೆ ತುಂಬ ಕೆಂಪು. ಒಂಟಿಯ ಗುಣ ಬೇರೆ, ಜೋಡಿಯ ಗುಣ ಬೇರೆ ಎಂಬ ಪಾಠ ಬಣ್ಣದ ಮಟ್ಟಿಗೆ ಸುಲಭ. ಮನುಷ್ಯರ ವಿಷಯದಲ್ಲಿ ಮಾತ್ರ ಕಷ್ಟ.

ನಮ್ಮ ಮನೆಯಲ್ಲಿ ಅಪ್ಪಣೆ ಕೊಡುವ ಪೀಠಗಳು ಎರಡು: ನನ್ನ ಅಮ್ಮ, ನನ್ನ ಹೆಂಡತಿ. ಊಟಕ್ಕೆ ಮುಂಚೆ ಕೋಡುಬಳೆ ಬೇಕೆಂದು ಮಗಳು ಅಜ್ಜಿಯೊಬ್ಬಳನ್ನೇ ಕೇಳಿದರೆ, "ತಗೋ ಪುಟ್ಟಿ, ಅಮ್ಮನಿಗೆ ಹೇಳ್ಬೇಡ." ಅಮ್ಮನೊಬ್ಬಳನ್ನೇ ಕೇಳಿದರೆ, "ಒಂದೇ ಒಂದು, ಅಜ್ಜಿಗೆ ಕಾಣಿಸ್ಬೇಡ." ಇಬ್ಬರೂ ಅಡುಗೆಮನೆಯಲ್ಲಿರುವಾಗ ಕೇಳಿದರೆ? ಅತ್ತೆ ಸೊಸೆಯ ಮುಖ ನೋಡುತ್ತಾಳೆ, ಸೊಸೆ ಅತ್ತೆಯ ಮುಖ ನೋಡುತ್ತಾಳೆ. ಮಗುವನ್ನು ಹಾಳು ಮಾಡಿದ ಅಪವಾದ ಹೊರಲು ಇಬ್ಬರೂ ತಯಾರಿಲ್ಲ. ಡಬ್ಬಿಯ ಮುಚ್ಚಳ ಟಪ್ಪೆಂದು ಬೀಳುತ್ತದೆ. "ಊಟಕ್ಕೆ ಮುಂಚೆ ಕೋಡುಬಳೆಯಾ?" ಎಂಬ ಠರಾವು ಸರ್ವಾನುಮತದಿಂದ ಪಾಸಾಗುತ್ತದೆ.

ಲೆಕ್ಕದ ಪ್ರಕಾರ ಹೂಂಗೆ ಹೂಂ ಕೂಡಿದರೆ ದೊಡ್ಡ ಹೂಂ ಬರಬೇಕು. ಹಾಗೆ ಲೆಕ್ಕ ಹಾಕಿದವರು ಸಾಮಾನ್ಯರಲ್ಲ. 1972ರಲ್ಲಿ ರಾಬರ್ಟ್ ರೆಸ್ಕೋರ್ಲಾ ಮತ್ತು ಅಲನ್ ವ್ಯಾಗ್ನರ್ ಎಂಬ ಮನೋವಿಜ್ಞಾನಿಗಳು ಕೊಟ್ಟ ಪ್ರಸಿದ್ಧ ಕಲಿಕೆಯ ಸೂತ್ರದಲ್ಲಿ, ಒಟ್ಟಿಗೆ ಬಂದ ಪ್ರಚೋದನೆಗಳ ಬಲವನ್ನು ಕೂಡುವುದೇ ಕ್ರಮ. 'ಒಂಟಿಯಾದರೆ ಉಂಟು, ಜಂಟಿಯಾದರೆ ಇಲ್ಲ' ಎಂಬ ಒಗಟಿನ ಮುಂದೆ ಈ ಕೂಡುಲೆಕ್ಕ ಮುಗ್ಗರಿಸುತ್ತದೆ. ಜೋಡಿಯನ್ನೇ ಮೂರನೆಯ ಪ್ರಚೋದನೆಯೆಂದು ಒಳಗೆ ಸೇರಿಸಿಕೊಂಡರೆ ಎದ್ದು ನಿಲ್ಲುತ್ತದೆ. ತಮಾಷೆಯೆಂದರೆ, ಇಂಥ ಒಗಟನ್ನು ನಾಯಿಗಳೂ ಕಲಿಯಬಲ್ಲವೆಂದು 1943ರಲ್ಲೇ ವುಡ್‌ಬರಿ ಎಂಬಾತ ತೋರಿಸಿಯಾಗಿತ್ತು. 1987ರಲ್ಲಿ ಜಾನ್ ಪಿಯರ್ಸ್ ಕೂಡುವ ಗೋಜನ್ನೇ ಬಿಟ್ಟು, ಜೋಡಿಯನ್ನು ಇಡಿಯಾಗಿ ಒಂದು ಪ್ರಚೋದನೆಯೆಂದೇ ಎಣಿಸಿದರು. ಆ ಮಹಾನುಭಾವರು ನಮ್ಮ ಅಡುಗೆಮನೆಯನ್ನು ನೋಡಿರಲಿಲ್ಲವೆಂದರೆ ನಂಬುವುದು ಕಷ್ಟ.

ಮನುಷ್ಯರ ಮೇಲಿನ ಪ್ರಯೋಗಗಳೂ ತಿಂಡಿಯ ಸುತ್ತಲೇ ಸುತ್ತುತ್ತವೆ. 1998ರಲ್ಲಿ ಡೇವಿಡ್ ಶ್ಯಾಂಕ್ಸ್ ಮತ್ತು ರಿಚರ್ಡ್ ಡಾರ್ಬಿ ತಮ್ಮ ಪ್ರಯೋಗಕ್ಕೆ ಬಂದವರ ಮುಂದೆ ಕಾಲ್ಪನಿಕ ರೋಗಿಯ ಕತೆ ಇಟ್ಟರು: ಈ ಆಹಾರ ತಿಂದರೆ ಅಲರ್ಜಿ, ಆ ಆಹಾರ ತಿಂದರೂ ಅಲರ್ಜಿ, ಎರಡನ್ನೂ ಒಟ್ಟಿಗೆ ತಿಂದರೆ ಏನೂ ಇಲ್ಲ. ಕೆಲವು ಜೋಡಿಗಳದ್ದು ಇದರ ಉಲ್ಟಾ. ಚೆನ್ನಾಗಿ ಕಲಿತವರು 'ಜೋಡಿಯ ಫಲ ಒಂಟಿಯ ಫಲಕ್ಕೆ ತದ್ವಿರುದ್ಧ' ಎಂಬ ಸೂತ್ರವನ್ನೇ ಹಿಡಿದು, ಹೊಸ ಜೋಡಿಗಳಿಗೂ ಅನ್ವಯಿಸಿದರು. ಅಷ್ಟು ಪಳಗದವರು ಹೋಲಿಕೆಯ ಮೇಲೆಯೇ ಅಂದಾಜು ಕಟ್ಟಿದರು.

ನನ್ನ ಮಗಳು ನಿಸ್ಸಂದೇಹವಾಗಿ ಮೊದಲ ಗುಂಪು. ಮೊನ್ನೆ ನಾದಿನಿಯ ಮನೆಗೆ ಹೋದಾಗ ನಾದಿನಿಯೂ ಅವಳ ಅತ್ತೆಯೂ ಮೊರದ ಎರಡು ಬದಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೊಬೈಲ್ ಕೇಳುವ ಆಸೆ ಇವಳ ಮುಖದಲ್ಲೇ ಕುಣಿಯುತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಸಾಧುವಿನಂತೆ ಕೂತು ತಾನೂ ನಾಲ್ಕು ಕಾಯಿ ಸುಲಿದಳು. ಅತ್ತೆ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಹೋದದ್ದೇ ತಡ, "ಚಿಕ್ಕಮ್ಮಾ..." ಎಂದು ರಾಗ ತೆಗೆದಳು. ಹೊಸ ಊರು, ಹೊಸ ಜೋಡಿ, ಅದೇ ಸೂತ್ರ.

ಇಷ್ಟೆಲ್ಲ ಬಲ್ಲವಳು ನನ್ನನ್ನು ಮಾತ್ರ ಯಾಕೆ ಏನೂ ಕೇಳುವುದಿಲ್ಲವೆಂದು ವಿಚಾರಿಸಿದೆ. "ನೀನು ಹೂಂ ಅಂದ್ರೂ ಅಮ್ಮನ್ನ ಕೇಳ್ಬೇಕು, ಉಹೂಂ ಅಂದ್ರೂ ಅಮ್ಮನ್ನ ಕೇಳ್ಬೇಕು" ಎಂದಳು. ಫಲಿತಾಂಶಕ್ಕೂ ತನಗೂ ಸಂಬಂಧವೇ ಇಲ್ಲದ ಪ್ರಚೋದನೆಯೊಂದನ್ನು ಪ್ರಯೋಗಾಲಯದಲ್ಲೂ ಸುಮ್ಮನೆ ಜೊತೆಗಿಟ್ಟಿರುತ್ತಾರಂತೆ. ಬುದ್ಧಿವಂತರು ಅದನ್ನು ಬೇಗ ಗುರುತಿಸಿ ಕಡೆಗಣಿಸುತ್ತಾರಂತೆ.